ನಾಲ್ಕೂವರೆ ತಿಂಗಳ ಲೆಕ್ಕ

ಪ್ರಶ್ನೆ: ನಮಸ್ಕಾರ ಡಾಕ್ಟ್ರೇ. ನಾವು ಧಾರವಾಡದಲ್ಲಿ ಹತ್ತು ಹನ್ನೆರಡು ಜನ ಸೇರಿ ತಿಂಗಳಿಗೊಂದು ಸಿನಿಮಾ ನೋಡುತ್ತೇವೆ. ಹೋದ ತಿಂಗಳು ಇರಾನಿನ ‘ದಿ ಸರ್ಕಲ್’, ಈ ತಿಂಗಳು ‘ಎ ಸೆಪರೇಷನ್’. ಎರಡರಲ್ಲೂ ಒಬ್ಬ ಬಸುರಿ ಇದ್ದಾಳೆ. ಇಬ್ಬರೂ ಅದನ್ನು ಮುಚ್ಚಿಟ್ಟುಕೊಂಡು ಓಡಾಡುತ್ತಾರೆ. ಸಿನಿಮಾ ಮುಗಿದ ಮೇಲೆ ನಮ್ಮಲ್ಲೇ ಜಗಳ ಆಯಿತು. ‘ಬಾಗಿಲ ಹತ್ತಿರ ಒಂಚೂರು ತಳ್ಳಿದರೆ ಮಗು ಹೋಗುತ್ತಾ? ಹೋದರೂ ಅದು ಕೊಲೆ ಹೇಗೆ ಆಗುತ್ತೆ?’ ಅಂತ ಒಬ್ಬರು. ‘ಅದು ಮುಸ್ಲಿಂ ದೇಶ, ಅಲ್ಲಿ ಗರ್ಭನಿರೋಧಕವೂ ಇಲ್ಲ, ತೆಗೆಸುವುದಂತೂ ಇಲ್ಲವೇ ಇಲ್ಲ’ ಅಂತ ಇನ್ನೊಬ್ಬರು. ‘ಇದೆಲ್ಲ ಹೊರದೇಶದ ಪ್ರಶಸ್ತಿಗೆ ಕಟ್ಟಿದ ಕಷ್ಟ’ ಅಂತ ಮತ್ತೊಬ್ಬರು. ನನ್ನನ್ನು ಕಾಡುತ್ತಿರುವುದು ಬೇರೆ. ಟೆಹರಾನಿನಂಥ ಊರಿನಲ್ಲಿ ಇದ್ದುಕೊಂಡು ಸುಮ್ನೆ ಒಬ್ಬ ಡಾಕ್ಟರ ಹತ್ತಿರ ಹೋಗುವುದು ಅಷ್ಟು ಕಷ್ಟವಾ? ಗಂಡನಿಗೂ ಯಾಕೆ ಹೇಳುವುದಿಲ್ಲ? ಮುಂದಿನ ತಿಂಗಳು ಅಲಿ ಅಸ್ಗರಿಯವರ ಸಿನಿಮಾ ಇಟ್ಟಿದ್ದೇವೆ. ಅಲ್ಲೂ ಇದೇ ಥರದ ಕಥೆಯಂತೆ. ಅದಕ್ಕೆ ಮೊದಲು ನಿಮ್ಮನ್ನು ಕೇಳೋಣ ಅನ್ನಿಸಿತು.

ಉತ್ತರ: ನಿಮ್ಮ ಪತ್ರ ಓದಿ ಖುಷಿಯಾಯಿತು. ನಾನು ಹೆರಿಗೆ ಡಾಕ್ಟರು. ಇಪ್ಪತ್ತೇಳು ವರ್ಷದಿಂದ ಇದೇ ಕೆಲಸ. ಜೊತೆಗೆ ಇರಾನಿನ ಸಿನಿಮಾ ಅಂದರೆ ನನಗೆ ಪ್ರಾಣ. ಬೆಂಗಳೂರಿನ ಚಿತ್ರೋತ್ಸವದಲ್ಲಿ ಅವು ಇದ್ದರೆ ರಜೆ ಹಾಕಿ ಹೋಗುತ್ತೇನೆ. ಹಾಗಾಗಿ ಈ ಪ್ರಶ್ನೆಗೆ ಉತ್ತರಿಸುವ ಆಸೆ ಜಾಸ್ತಿ. ‘ಎ ಸೆಪರೇಷನ್’ ಇನ್ನೂ ನೋಡದ ಓದುಗರು ಮೊದಲು ನೋಡಿ, ಆಮೇಲೆ ಇದನ್ನು ಓದಿ. ಅದರ ಕೊನೆಯ ಗುಟ್ಟು ಇಲ್ಲಿ ಬಯಲಾಗುತ್ತದೆ.

ನೀವು ಕೇಳಿದ್ದು ‘ಯಾಕೆ ಹೇಳುವುದಿಲ್ಲ’ ಅಂತ. ಅಲ್ಲಿಗೆ ಬರುತ್ತೇನೆ. ಅದಕ್ಕೆ ಮೊದಲು ಬಾಗಿಲಿನ ಜಗಳ ಬಿಡಿಸಬೇಕು. ನಿಮ್ಮ ಉತ್ತರದ ಎಳೆ ಅಲ್ಲೇ ಸಿಗುತ್ತದೆ.

ಆ ದಿನ ನಡೆದದ್ದನ್ನು ಒಮ್ಮೆ ನೆನಪು ಮಾಡಿಕೊಳ್ಳಿ. ನಾದಿರ್ ಮಧ್ಯಮ ವರ್ಗದವನು. ಹೆಂಡತಿ ಸಿಮಿನ್ ತವರಿಗೆ ಹೋಗಿದ್ದಾಳೆ. ಮರೆವಿನ ಕಾಯಿಲೆಯ ಅಪ್ಪನನ್ನು ನೋಡಿಕೊಳ್ಳಲು ರಝಿಯೆ ಎಂಬ ಬಡ ಹೆಂಗಸು ಬರುತ್ತಾಳೆ. ಬಸುರಿ. ಜೊತೆಗೊಂದು ಪುಟ್ಟ ಮಗಳು. ಒಂದು ದಿನ ನಾದಿರ್ ಬೇಗ ಮನೆಗೆ ಬಂದು ನೋಡಿದರೆ ಅಪ್ಪ ನೆಲಕ್ಕೆ ಬಿದ್ದಿದ್ದಾನೆ. ಕೈಯನ್ನು ಮಂಚಕ್ಕೆ ಕಟ್ಟಿದೆ. ರಝಿಯೆ ಇಲ್ಲ. ಅವಳು ಬಂದ ಮೇಲೆ ಮಾತಿಗೆ ಮಾತು ಬೆಳೆಯುತ್ತದೆ. ಅವನು ಅವಳನ್ನು ಬಾಗಿಲಿನಿಂದ ಆಚೆ ತಳ್ಳುತ್ತಾನೆ. ಆಮೇಲೆ ಅವಳ ಮಗು ಹೋಗುತ್ತದೆ.

ತಳ್ಳಿದ್ದರಿಂದ ಹೋಗುತ್ತಾ? ನನ್ನ ಒಪಿಡಿಯಲ್ಲಿ ದಿನಾ ಕೇಳುವ ಪ್ರಶ್ನೆ ಇದು. ಮಗು ಕಳೆದುಕೊಂಡು ಬಂದವರೆಲ್ಲ ಒಂದು ಕಾರಣ ಹಿಡಿದುಕೊಂಡೇ ಬರುತ್ತಾರೆ. ಬಕೆಟ್ ಎತ್ತಿದೆ, ಪರಂಗಿ ಹಣ್ಣು ತಿಂದೆ, ಸ್ಕೂಟರಿನಲ್ಲಿ ಹಂಪ್ ಹಾರಿತು. ಒಬ್ಬಳಂತೂ ಅತ್ತೆಯ ಜೊತೆ ಜಗಳ ಆಡಿದ್ದಕ್ಕೆ ಹೋಯಿತು ಅಂತ ವರ್ಷಗಟ್ಟಲೆ ನಂಬಿದ್ದಳು. ಇದ್ಯಾವುದೂ ಕಾರಣ ಅಲ್ಲ. ತಾನಾಗಿಯೇ ಹೋಗುವ ಬಸುರಿನಲ್ಲಿ ಬಹುಪಾಲು ಮೊದಲ ಮೂರು ತಿಂಗಳಲ್ಲೇ ಹೋಗುತ್ತದೆ. ಅದರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಕ್ರೋಮೋಸೋಮಿನ ದೋಷದಿಂದ. ಮೊಳಕೆಯೇ ಸರಿಯಾಗಿ ಕೂಡಿರುವುದಿಲ್ಲ. ತಾಯಿ ಮಲಗಿದ್ದರೂ ಹೋಗುತ್ತದೆ, ಓಡಿದರೂ ಹೋಗುತ್ತದೆ. ಆ ತಿಂಗಳುಗಳಲ್ಲಿ ಗರ್ಭಕೋಶ ಸೊಂಟದ ಎಲುಬಿನ ಒಳಗೆ ಭದ್ರವಾಗಿ ಕೂತಿರುತ್ತದೆ. ಸಣ್ಣ ಪೆಟ್ಟು ಅಲ್ಲಿಗೆ ಮುಟ್ಟುವುದೇ ಇಲ್ಲ.

ರಝಿಯೆಗೆ ನಾಲ್ಕೂವರೆ ತಿಂಗಳು. ಅಷ್ಟು ಹೊತ್ತಿಗೆ ಗರ್ಭಕೋಶ ಎಲುಬಿನಿಂದ ಮೇಲೆ ಬಂದಿರುತ್ತದೆ. ಆಗಲೂ ಒಂದು ತಳ್ಳುವಿಕೆಗೆ, ಎರಡು ಮೆಟ್ಟಿಲು ಜಾರಿದ್ದಕ್ಕೆ ಮಗು ಹೋಗುವುದು ಅಪರೂಪ. ನೀರು ತುಂಬಿದ ಚೀಲದೊಳಗೆ ಮಗು ತೇಲುತ್ತಿರುತ್ತದೆ, ಪೆಟ್ಟಿನ ಬಿರುಸನ್ನು ನೀರೇ ತಿನ್ನುತ್ತದೆ. ನಮಗೆ ಭಯ ಆಗುವುದು ದೊಡ್ಡ ಪೆಟ್ಟಿಗೆ. ಗಾಡಿ ಗುದ್ದುವುದು, ಎತ್ತರದಿಂದ ಬೀಳುವುದು. ಆಗ ಮಾಸು ಗರ್ಭಕೋಶದ ಗೋಡೆಯಿಂದ ಬಿಟ್ಟುಕೊಳ್ಳಬಹುದು. ಇದು ತಕ್ಷಣ ಗೊತ್ತಾಗಬೇಕು ಅಂತೇನಿಲ್ಲ. ಎಷ್ಟೋ ಗಂಟೆ ಬಿಟ್ಟು, ಕೆಲವು ಸಲ ಮರುದಿನ, ಹೊಟ್ಟೆನೋವು ಶುರುವಾಗುತ್ತದೆ.

ಈಗ ಸಿನಿಮಾದ ಕೊನೆಗೆ ಬನ್ನಿ. ತಳ್ಳಾಟದ ಹಿಂದಿನ ದಿನ ಏನಾಗಿತ್ತು? ಮುದುಕ ಮನೆ ಬಿಟ್ಟು ರಸ್ತೆಗೆ ಹೋಗಿದ್ದ. ಅವನನ್ನು ಕರೆತರಲು ಓಡಿದಾಗ ರಝಿಯೆಗೆ ಕಾರು ಗುದ್ದಿತ್ತು. ನೋವು ಆ ರಾತ್ರಿಯೇ ಶುರುವಾಗಿತ್ತು. ವೈದ್ಯಶಾಸ್ತ್ರದ ಕಡೆಯಿಂದ ನೋಡಿದರೆ ಈ ಕಥೆ ಕೂದಲೆಳೆಯಷ್ಟೂ ತಪ್ಪಿಲ್ಲ. ಮೊದಲ ಸಲ ನೋಡಿದಾಗ ನಾನು ಥಿಯೇಟರಿನಲ್ಲೇ, ‘ತಳ್ಳಿದ್ದಕ್ಕೆ ಇಷ್ಟು ಬೇಗ ಆಗಲ್ಲವಲ್ಲ’ ಅಂತ ಗೊಣಗಿದ್ದೆ. ನಿರ್ದೇಶಕ ಅಸ್ಗರ್ ಫರ್ಹಾದಿ ನನಗಿಂತ ಮುಂದಿದ್ದರು.

ಇನ್ನೊಂದು ವಿಷಯ. ಮುದುಕನನ್ನು ಕಟ್ಟಿಹಾಕಿ ರಝಿಯೆ ಹೋಗಿದ್ದು ಎಲ್ಲಿಗೆ? ಹೆಂಗಸರ ಡಾಕ್ಟರ ಹತ್ತಿರಕ್ಕೆ. ‘ಸುಮ್ನೆ ಒಬ್ಬ ಡಾಕ್ಟರ ಹತ್ತಿರ ಹೋಗಬಾರದಾ’ ಅಂತ ಕೇಳಿದಿರಲ್ವಾ? ಅವಳು ಹೋದಳು. ಕದ್ದು ಹೋದಳು. ಅದಕ್ಕೇ ಬಾಗಿಲ ಆಚೆ ತಳ್ಳಿಸಿಕೊಂಡಳು.

ಇನ್ನು ಕೊಲೆಯ ಮಾತು. ನಮ್ಮ ಭಾಷೆಯಲ್ಲಿ ಒಂದು ವಿಚಿತ್ರ ಇದೆ. ‘ಅಬಾರ್ಷನ್ ಆಯಿತು’ ಅಂದರೆ ತಾನಾಗಿ ಹೋಯಿತು ಅಂತ. ‘ಅಬಾರ್ಷನ್ ಮಾಡಿಸಿದರು’ ಅಂದರೆ ತೆಗೆಸಿದರು ಅಂತ. ಹೆಸರು ಒಂದೇ. ಗರ್ಭಪಾತ ಅನ್ನುವ ಪದದಲ್ಲಿ ‘ಪಾತ’ ಅಂದರೆ ಬೀಳುವುದು. ಫಾರ್ಸಿಯಲ್ಲಿ ಇದಕ್ಕೆ ‘ಸೆಕ್ತ್’ ಅನ್ನುತ್ತಾರೆ. ಅದರ ಅರ್ಥವೂ ಬೀಳುವುದು. ಅಲ್ಲೂ ತಾನಾಗಿ ಆದದ್ದಕ್ಕೂ ಮಾಡಿಸಿದ್ದಕ್ಕೂ ಅದೇ ಪದ. ಬಿತ್ತೋ, ಬೀಳಿಸಿದರೋ? ‘ಎ ಸೆಪರೇಷನ್’ ಸಿನಿಮಾದ ಇಡೀ ಕೋರ್ಟು ಕಥೆ ಈ ಎರಡು ಕ್ರಿಯಾಪದಗಳ ನಡುವೆ ನಡೆಯುತ್ತದೆ.

ಇರಾನಿನ ಕಾನೂನಿನಲ್ಲಿ ಇದಕ್ಕೊಂದು ಲೆಕ್ಕ ಇದೆ. ಯಾರಿಂದಲಾದರೂ ಭ್ರೂಣ ಹೋದರೆ ‘ದಿಯಾ’ ಕೊಡಬೇಕು, ಅಂದರೆ ರಕ್ತದ ಪರಿಹಾರ. ಪೂರ್ತಿ ಮನುಷ್ಯನ ದಿಯಾ ನೂರು ಅಂತ ಇಟ್ಟುಕೊಳ್ಳಿ. ಮೊಟ್ಟಮೊದಲ ಹಂತದ ಭ್ರೂಣಕ್ಕೆ ಅದರಲ್ಲಿ 2 ಪಾಲು. ಮುಂದಿನ ಹಂತಕ್ಕೆ 4. ಆಮೇಲೆ 6, ಎಲುಬು ಮೂಡಿದರೆ 8, ಮೈ ಪೂರ್ತಿ ಆಕಾರಕ್ಕೆ ಬಂದರೆ 10. ಅಲ್ಲಿಂದ ಒಂದೇ ಹಾರು. ನಾಲ್ಕು ತಿಂಗಳಿಗೆ ಭ್ರೂಣದೊಳಗೆ ಆತ್ಮ ಬರುತ್ತದೆ ಎಂಬುದು ನಂಬಿಕೆ. ಅವರ ಮಾತಿನಲ್ಲಿ ‘ವಲೂಜೆ ರೂಹ್’. ಆ ಗೆರೆ ದಾಟಿದರೆ ಗಂಡಾದರೆ ಪೂರ್ತಿ ನೂರು, ಹೆಣ್ಣಾದರೆ ಅದರ ಅರ್ಧ. ರಝಿಯೆಯ ಮಗು ಗೆರೆ ದಾಟಿ ಅರ್ಧ ತಿಂಗಳಾಗಿತ್ತು. ಆ ಹದಿನೈದು ದಿನದಿಂದಲೇ ನಾದಿರ್ ಮೇಲೆ ಕೊಲೆಯ ಆರೋಪ ಬಂದದ್ದು. ಮಿಕ್ಕದ್ದು ಒಂದೇ ಪ್ರಶ್ನೆ: ಅವಳು ಬಸುರಿ ಅಂತ ಅವನಿಗೆ ಗೊತ್ತಿತ್ತಾ? ಚಾದರಿನ ಕೆಳಗೆ ಹೊಟ್ಟೆ ಕಾಣುವುದಿಲ್ಲ. ಅವನು ಗೊತ್ತಿರಲಿಲ್ಲ ಅನ್ನುತ್ತಾನೆ. ಗೊತ್ತಿತ್ತು.

ಈಗ ನಿಮ್ಮ ಎರಡನೇ ಗೆಳೆಯರ ಮಾತಿಗೆ ಬರೋಣ. ಇದನ್ನು ಸ್ವಲ್ಪ ವಿವರವಾಗಿ ಹೇಳಲೇಬೇಕು. ನಮ್ಮಲ್ಲಿ ತುಂಬ ಜನ ಹೀಗೇ ನಂಬಿದ್ದಾರೆ.

ಮುಸ್ಲಿಂ ದೇಶ ಅಂದರೆ ಎಲ್ಲ ಕಡೆ ಒಂದೇ ಕಾನೂನು ಅಲ್ಲ. ಟುನೀಶಿಯಾದಲ್ಲಿ 1973ರಿಂದ ಮೊದಲ ಮೂರು ತಿಂಗಳಲ್ಲಿ ಹೆಂಗಸು ಕೇಳಿದರೆ ತೆಗೆಸಬಹುದು. ಟರ್ಕಿಯಲ್ಲಿ 1983ರಿಂದ ಹತ್ತು ವಾರದವರೆಗೆ ಅವಕಾಶ ಇದೆ. ಅಲ್ಲಿ ಮದುವೆಯಾದವಳಿಗೆ ಗಂಡನ ಒಪ್ಪಿಗೆ ಬೇಕು. ಇರಾನಿನಲ್ಲೂ ಶಾ ಆಳ್ವಿಕೆಯ ಕೊನೆಯ ವರ್ಷಗಳಲ್ಲಿ ಕಾನೂನು ಸಡಿಲ ಆಗಿತ್ತು. 1979ರ ಕ್ರಾಂತಿಯ ನಂತರ ಅದು ಹೋಯಿತು.

ಗರ್ಭನಿರೋಧಕದ ಕಥೆಯಂತೂ ನಾನು ವೈದ್ಯಕೀಯ ಓದುವಾಗ ನಮ್ಮ ಮೇಷ್ಟರು ಉದಾಹರಣೆಯಾಗಿ ಹೇಳುತ್ತಿದ್ದ ಕಥೆ. ಕ್ರಾಂತಿಯಾದ ಹೊಸದರಲ್ಲಿ ಕುಟುಂಬ ಯೋಜನೆ ಮೂಲೆಗೆ ಬಿತ್ತು. ಇರಾಕಿನ ಜೊತೆ ಯುದ್ಧ ನಡೆಯುತ್ತಿತ್ತು, ಮಕ್ಕಳು ಜಾಸ್ತಿ ಬೇಕಿತ್ತು. 1980ರ ದಶಕದ ನಡುವಿನಲ್ಲಿ ಒಬ್ಬ ಹೆಂಗಸಿಗೆ ಸರಾಸರಿ ಆರಕ್ಕಿಂತ ಹೆಚ್ಚು ಮಕ್ಕಳು. 1988ರಲ್ಲಿ ಯುದ್ಧ ಮುಗಿಯಿತು. ಶಾಲೆಗಳಲ್ಲಿ ಜಾಗ ಇಲ್ಲ, ಕೆಲಸ ಇಲ್ಲ. 1989ರಲ್ಲಿ ಅದೇ ಸರ್ಕಾರ, ಅದೇ ಧರ್ಮಗುರುಗಳ ಒಪ್ಪಿಗೆಯೊಂದಿಗೆ, ಕುಟುಂಬ ಯೋಜನೆಯನ್ನು ಮತ್ತೆ ಶುರು ಮಾಡಿತು. ಹಳ್ಳಿಹಳ್ಳಿಯ ಆರೋಗ್ಯ ಮನೆಗಳಲ್ಲಿ ‘ಬೆಹ್ವರ್ಝ್’ ಅನ್ನುವ ಕಾರ್ಯಕರ್ತರು ಇದ್ದರು, ನಮ್ಮ ಆಶಾ ಕಾರ್ಯಕರ್ತೆಯರ ಹಾಗೆ. ಅವರ ಕೈಯಿಂದ ಮಾತ್ರೆ, ಕಾಂಡೋಮು ಪುಕ್ಕಟೆ ಮನೆಗೆ ಹೋಯಿತು. ಗಂಡಸರ ಆಪರೇಷನ್ನೂ ಪುಕ್ಕಟೆ. ಮದುವೆಗೆ ಮೊದಲು ಹುಡುಗ ಹುಡುಗಿ ಇಬ್ಬರೂ ಕುಟುಂಬ ಯೋಜನೆಯ ಪಾಠಕ್ಕೆ ಕೂರಲೇಬೇಕಿತ್ತು. 2000ದ ಹೊತ್ತಿಗೆ ಆರರ ಜಾಗದಲ್ಲಿ ಎರಡು ಮಕ್ಕಳು. ಇಷ್ಟು ಬೇಗ ಇಷ್ಟು ಇಳಿದ ದೇಶ ಜಗತ್ತಿನಲ್ಲಿ ಬೆರಳೆಣಿಕೆ.

2012ರ ಹೊತ್ತಿಗೆ ಗಾಳಿ ಮತ್ತೆ ತಿರುಗಿತು. ಮುದುಕರು ಜಾಸ್ತಿಯಾಗುತ್ತಾರೆ, ದೇಶ ಸೊರಗುತ್ತದೆ ಎಂಬ ಹೆದರಿಕೆ. ಸರ್ವೋಚ್ಚ ನಾಯಕರಾಗಿದ್ದ ಖಮೇನಿಯವರೇ ಹಳೆಯ ನೀತಿಯನ್ನು ಅಷ್ಟು ವರ್ಷ ಮುಂದುವರಿಸಿದ್ದು ತಪ್ಪು ಅಂದರು. ಹಣ ನಿಂತಿತು. 2021ರಲ್ಲಿ ಬಂದ ‘ಕುಟುಂಬ ರಕ್ಷಣೆ ಮತ್ತು ಯುವ ಜನಸಂಖ್ಯೆ’ಯ ಕಾನೂನು ಸರ್ಕಾರಿ ಕೇಂದ್ರಗಳಲ್ಲಿ ಪುಕ್ಕಟೆ ಗರ್ಭನಿರೋಧಕ ಹಂಚುವುದನ್ನೇ ನಿಲ್ಲಿಸಿತು. ಆಪರೇಷನ್ನಿಗೆ ಕಡಿವಾಣ ಹಾಕಿತು. ಈಗ ದುಡ್ಡಿದ್ದವರಿಗೆ ಔಷಧಿ ಅಂಗಡಿ ಇದೆ. ಹಾಗಾಗಿ ಏಟು ಬಿದ್ದದ್ದು ಸಿಮಿನ್‌ಗಿಂತ ರಝಿಯೆಗೆ. ಒಂದೇ ಮನೆಯ ಅಜ್ಜಿ, ಅಮ್ಮ, ಮಗಳು ಮೂರು ಸಲ ತಿರುಗಿದ ಸರ್ಕಾರಿ ಮಾತು ಕೇಳಿದ್ದಾರೆ. ಹೆರಬೇಡ, ಹೆರು, ಹೆರಬೇಡ, ಮತ್ತೆ ಹೆರು. ಇದನ್ನು ಧರ್ಮ ಅಂತ ಒಂದೇ ಮಾತಲ್ಲಿ ಹೇಳಿ ಮುಗಿಸಲು ಆಗುವುದಿಲ್ಲ.

ತೆಗೆಸುವುದರ ಕಾನೂನು ಏನು? ‘ದಿ ಸರ್ಕಲ್’ 2000ದ ಸಿನಿಮಾ. ಆಗ ತಾಯಿಯ ಜೀವಕ್ಕೆ ಕುತ್ತು ಬಂದರೆ ಮಾತ್ರ ದಾರಿ ಇತ್ತು. ಅದರಲ್ಲಿನ ಪರಿ ಜೈಲಿನಿಂದ ಹೊರಬಂದವಳು. ಮಗುವಿನ ಅಪ್ಪನನ್ನು ಗಲ್ಲಿಗೇರಿಸಿದ್ದಾರೆ. ಕಾಗದದ ಮೇಲೆ ಸಹಿ ಹಾಕಲು ಗಂಡ ಬೇಕು ಅಥವಾ ಅಪ್ಪ ಬೇಕು. ಅವಳಿಗೆ ಗಂಡ ಇಲ್ಲ, ಅಪ್ಪನ ಸಹಿ ಸಿಗುವಂತಿಲ್ಲ. 2005ರಲ್ಲಿ ಹೊಸ ಕಾನೂನು ಬಂತು. ಮೂವರು ತಜ್ಞರು ಬರೆದುಕೊಡಬೇಕು, ನ್ಯಾಯವೈದ್ಯಕೀಯ ಸಂಸ್ಥೆ ಒಪ್ಪಬೇಕು. ಮಗುವಿಗೆ ತೀವ್ರ ದೋಷ ಇರಬೇಕು ಅಥವಾ ತಾಯಿಯ ಜೀವಕ್ಕೆ ಅಪಾಯ ಇರಬೇಕು. ಎಲ್ಲ ಆತ್ಮದ ಗೆರೆಗೆ ಮೊದಲು, ನಾಲ್ಕು ತಿಂಗಳ ಒಳಗೆ. ಒಂದು ಮಾತು ಗಮನಿಸಿ: ಆ ಕಾನೂನಿನಲ್ಲಿ ಕೇಳಿದ್ದು ಹೆಂಗಸಿನ ಒಪ್ಪಿಗೆ ಮಾತ್ರ, ಗಂಡನದ್ದಲ್ಲ. 2021ರ ಕಾನೂನು ಆ ಮೇಜಿಗೆ ಒಬ್ಬ ನ್ಯಾಯಾಧೀಶರನ್ನೂ ತಂದು ಕೂರಿಸಿತು. ‘ಈಗ ಮಗು ಬೇಡ’, ‘ಮನೆಯಲ್ಲಿ ಆಗಲೇ ಮೂವರಿದ್ದಾರೆ’, ‘ಅವನು ಬಿಟ್ಟುಹೋದ’ ಇವು ಯಾವುವೂ ಅಲ್ಲಿ ಯಾವತ್ತೂ ಕಾರಣ ಆಗಲಿಲ್ಲ.

ಅಂದರೆ ಟೆಹರಾನಿನ ಒಂದು ಜೋಡಿಗೆ ದಿನ ತಪ್ಪಿದರೆ ಮುಂದೇನು? ಡಾಕ್ಟರಾಗಿ ನಾನು ಹೀಗೆ ಯೋಚಿಸುತ್ತೇನೆ.

ಮೊದಲನೆಯದು, ಹೆರುವುದು. ಅನಿರೀಕ್ಷಿತ ಬೇರೆ, ಬೇಡದ್ದು ಬೇರೆ. ಎಷ್ಟೋ ಜೋಡಿಗಳು ಮೊದಲ ವಾರ ಅತ್ತು, ಮೂರನೇ ವಾರ ಹೆಸರು ಹುಡುಕುತ್ತಾರೆ. ಮದುವೆಯಾಗಿದ್ದರೆ ಇದು ಸುಲಭದ ದಾರಿ. ಆಗಿಲ್ಲದಿದ್ದರೆ ಕಾಗದಗಳು ಎದುರು ನಿಲ್ಲುತ್ತವೆ. ಅಲ್ಲಿ ಪ್ರತಿಯೊಬ್ಬರಿಗೂ ‘ಶೆನಾಸ್‌ನಾಮೆ’ ಅಂತ ಒಂದು ಗುರುತಿನ ಪುಸ್ತಕ ಇರುತ್ತದೆ. ಹುಟ್ಟು, ಮದುವೆ, ವಿಚ್ಛೇದನ, ಮಕ್ಕಳು ಎಲ್ಲ ಅದರಲ್ಲೇ ದಾಖಲು. ಆ ಪುಟ ಖಾಲಿ ಇದ್ದರೆ ಆಸ್ಪತ್ರೆಯಿಂದ ಶಾಲೆಯವರೆಗೆ ಎಲ್ಲ ಕಡೆ ಪ್ರಶ್ನೆ. 2002ರಲ್ಲಿ ಬಂದ ‘ಐ ಆ್ಯಮ್ ತರಾನೆ, 15’ ಸಿಕ್ಕರೆ ನೋಡಿ. ಹದಿನೈದರ ಹುಡುಗಿ, ಮುರಿದ ಮದುವೆ, ಹೊಟ್ಟೆಯಲ್ಲಿ ಮಗು. ತೆಗೆಸು ಅಂದವರ ಮಾತು ಕೇಳದೆ ಹೆರುತ್ತಾಳೆ. ಆಮೇಲೆ ಮಗುವಿನ ಹೆಸರು ಪುಸ್ತಕಕ್ಕೆ ಹತ್ತಿಸಲು ಒಬ್ಬಳೇ ಹೋರಾಡುತ್ತಾಳೆ. ಹೆರುವುದೂ ಅವಳ ಆಯ್ಕೆಯೇ ಆಗಿರಬಹುದು ಅಂತ ಇಷ್ಟು ಗೌರವದಿಂದ ತೋರಿಸಿದ ಸಿನಿಮಾ ಕಡಿಮೆ.

ಎರಡನೆಯದು, ಕಾನೂನಿನ ಮೇಜು. ತಾಯಿಯ ಜೀವಕ್ಕೆ ಅಪಾಯ ಇದ್ದರೆ ಅಥವಾ ಮಗುವಿಗೆ ದೊಡ್ಡ ದೋಷ ಇದ್ದರೆ ಮಾತ್ರ ಇದು ತೆರೆಯುತ್ತದೆ. ಆದರೆ ಅಂಥ ದೋಷಗಳಲ್ಲಿ ಅನೇಕವು ಸ್ಕ್ಯಾನಿನಲ್ಲಿ ಸರಿಯಾಗಿ ಕಾಣುವುದು 18ರಿಂದ 20ನೇ ವಾರಕ್ಕೆ. ನಾಲ್ಕು ತಿಂಗಳ ಗೆರೆ ಅಲ್ಲೇ ಇದೆ. ಕಂಡ ದಿನವೇ ಗಡುವು ಮುಗಿದಿರುತ್ತದೆ. ಇದು ಯಾವ ತಾಯಿಗೂ ಬರಬಾರದ ಸ್ಥಿತಿ.

ಮೂರನೆಯದು, ಕದ್ದು ತೆಗೆಸುವುದು. ಟೆಹರಾನಿನ ನಾಸಿರ್ ಖುಸ್ರೋ ಬೀದಿ ಕಳ್ಳಸಂತೆಯ ಔಷಧಿಗೆ ಬಹಳ ಹಿಂದಿನಿಂದ ಹೆಸರಾದ ಜಾಗ. ಇಲ್ಲಿ ನಾನು ನೇರವಾಗಿ ಮಾತಾಡುತ್ತೇನೆ. ಬಸುರು ಇಳಿಸಲು ಹೀಗೆ ಕದ್ದು ಕೊಳ್ಳುವ ಮಿಸೊಪ್ರೊಸ್ಟಾಲ್ ಕೆಟ್ಟ ಮಾತ್ರೆ ಅಲ್ಲ. ಮಿಫೆಪ್ರಿಸ್ಟೋನ್ ಅನ್ನುವ ಇನ್ನೊಂದು ಮಾತ್ರೆಯ ಜೊತೆ ಸೇರಿಸಿ, ಒಂಬತ್ತು ವಾರದ ಒಳಗೆ, ಡಾಕ್ಟರ ಕಣ್ಣಳತೆಯಲ್ಲಿ ಕೊಟ್ಟರೆ ನೂರರಲ್ಲಿ ತೊಂಬತ್ತೈದಕ್ಕೂ ಹೆಚ್ಚು ಜನರಿಗೆ ಬೇರೆ ಏನೂ ಬೇಕಾಗುವುದಿಲ್ಲ. ನಾನೇ ಕೊಡುತ್ತೇನೆ. ಅಪಾಯ ಇರುವುದು ಕತ್ತಲೆಯಲ್ಲಿ ಕೊಳ್ಳುವುದರಲ್ಲಿ. ಮಾತ್ರೆ ನಕಲಿ ಇರಬಹುದು. ಎಷ್ಟು ವಾರ ಅಂತ ಯಾರೂ ನೋಡಿರುವುದಿಲ್ಲ. ಬಸುರು ಗರ್ಭಕೋಶದ ಹೊರಗೆ, ನಾಳದಲ್ಲಿ ಕೂತಿದ್ದರೆ ಮಾತ್ರೆ ಕೆಲಸ ಮಾಡುವುದಿಲ್ಲ, ನಾಳ ಒಡೆದು ಜೀವಕ್ಕೇ ಬರುತ್ತದೆ. ಅರ್ಧ ಹೋಗಿ ಅರ್ಧ ಉಳಿದರೆ ರಕ್ತ ನಿಲ್ಲುವುದಿಲ್ಲ, ನಂಜು ಏರುತ್ತದೆ. ಗಂಟೆಗೆ ಎರಡು ದೊಡ್ಡ ಪ್ಯಾಡು ನೆನೆಯುತ್ತಾ ಎರಡು ಗಂಟೆ ಹೋದರೆ, ಜ್ವರ ಇಳಿಯದಿದ್ದರೆ, ಕಣ್ಣು ಕತ್ತಲೆ ಬಂದರೆ ಯಾವ ದೇಶದಲ್ಲಾದರೂ ಆಸ್ಪತ್ರೆಗೆ ಓಡಲೇಬೇಕು. ಅಲ್ಲಿ ಹೆದರಿದ ಹೆಂಗಸು ಓಡುವುದಿಲ್ಲ. ಬೆಳಗಾಗಲಿ ಅಂತ ಕಾಯುತ್ತಾಳೆ.

ಇಷ್ಟು ವರ್ಷ ನೋಡಿದ ಮೇಲೆ ನನಗೆ ಗಟ್ಟಿಯಾಗಿ ಅನ್ನಿಸಿದ್ದು ಒಂದೇ. ಬಾಗಿಲು ಮುಚ್ಚಿದರೆ ಹೆಂಗಸರು ವಾಪಸ್ ಹೋಗುವುದಿಲ್ಲ. ತಡವಾಗಿ ಬರುತ್ತಾರೆ. ಆರನೇ ವಾರದಲ್ಲಿ ಹತ್ತು ನಿಮಿಷದ ಮಾತು, ಎರಡು ಬಗೆಯ ಮಾತ್ರೆಯಲ್ಲಿ ಮುಗಿಯುವುದು ಹದಿನಾರನೇ ವಾರದಲ್ಲಿ ಆಪರೇಷನ್ ಥಿಯೇಟರು, ರಕ್ತದ ಬಾಟಲಿ ಆಗುತ್ತದೆ. ಇರಾನಿನ ಈ ಸಿನಿಮಾಗಳನ್ನು ನಾನು ಗಡಿಯಾರದ ಸಿನಿಮಾಗಳು ಅಂತ ನೋಡುವುದು ಇದಕ್ಕೇ. ‘ದಿ ಸರ್ಕಲ್’ ಹೆಂಗಸರು ಹಗಲೆಲ್ಲ ನಡೆಯುತ್ತಾರೆ, ಕತ್ತಲಾದರೂ ಎಲ್ಲಿಗೂ ತಲುಪುವುದಿಲ್ಲ. ಕಾನೂನು ವಾರ ಎಣಿಸುತ್ತದೆ, ಹೊಟ್ಟೆಯೂ ವಾರ ಎಣಿಸುತ್ತದೆ, ನಡುವೆ ಅವಳು ಸಹಿ ಹುಡುಕುತ್ತಾ ಇರುತ್ತಾಳೆ.

ಈಗ ನಿಮ್ಮ ಪ್ರಶ್ನೆ. ಗಂಡನಿಗೆ ಯಾಕೆ ಹೇಳುವುದಿಲ್ಲ?

ರಝಿಯೆಯ ಗಂಡನಿಗೆ ಅವಳು ಬಸುರಿ ಅಂತ ಗೊತ್ತು. ಗೊತ್ತಿಲ್ಲದ್ದು ಅವಳು ಪರಗಂಡಸಿನ ಮನೆಯಲ್ಲಿ ಕೆಲಸಕ್ಕೆ ಹೋಗುತ್ತಿರುವುದು. ಅವನ ಅನುಮತಿ ಬೇಕು, ಅವಳು ಕೇಳಿಲ್ಲ. ಅವನಿಗೆ ಕೆಲಸ ಇಲ್ಲ, ಸಾಲ ತಲೆ ಮೇಲಿದೆ. ಆ ಮುದುಕ ಬಟ್ಟೆಯಲ್ಲೇ ಒದ್ದೆ ಮಾಡಿಕೊಂಡಾಗ ಅವಳು ಧಾರ್ಮಿಕ ಸಲಹೆಯ ನಂಬರಿಗೆ ಫೋನ್ ಮಾಡಿ, ನಾನು ಇವರ ಬಟ್ಟೆ ಬದಲಿಸಿದರೆ ಪಾಪವಾ ಅಂತ ಕೇಳುತ್ತಾಳೆ. ನೆನಪಿದೆಯಾ? ಅವಳು ಇಡೀ ಸಿನಿಮಾ ಒಬ್ಬರಲ್ಲ ಒಬ್ಬರನ್ನು ಅನುಮತಿ ಕೇಳುತ್ತಲೇ ಇರುತ್ತಾಳೆ. ಒಂದು ಸತ್ಯ ಹೇಳಿದರೆ ಅದರ ಹಿಂದೆ ಇನ್ನೊಂದು ಹೇಳಬೇಕಾಗುತ್ತದೆ. ಕಾರು ಗುದ್ದಿತು ಅಂದರೆ, ನೀನು ರಸ್ತೆಯಲ್ಲಿ ಏನು ಮಾಡುತ್ತಿದ್ದೆ? ಯಾರ ಮನೆಯ ಮುದುಕ? ಆ ಸರಪಳಿಯ ಭಯಕ್ಕೆ ಮೊದಲ ಕೊಂಡಿಯನ್ನೇ ಬಾಯಿ ಬಿಡುವುದಿಲ್ಲ. ಹಾಗಂತ ಅವಳು ಸುಳ್ಳಿನವಳಲ್ಲ. ಕೊನೆಯಲ್ಲಿ, ತಳ್ಳಿದ್ದಕ್ಕೇ ಮಗು ಹೋಯಿತು ಅಂತ ಕುರಾನ್ ಮುಟ್ಟಿ ಪ್ರಮಾಣ ಮಾಡು ಅಂದಾಗ ಆಗುವುದಿಲ್ಲ ಅಂದುಬಿಡುತ್ತಾಳೆ. ಆ ಪರಿಹಾರದ ಹಣ ಮನೆಗೆ ಬಂದರೆ ಮಗಳಿಗೆ ಕೆಡುಕಾಗುತ್ತದೆ ಅಂತ. ನನ್ನ ಮಟ್ಟಿಗೆ ಆ ಸಿನಿಮಾದಲ್ಲಿ ಅವಳಷ್ಟು ನೇರ ಮನುಷ್ಯರು ಇನ್ನೊಬ್ಬರಿಲ್ಲ.

ಇದು ಇರಾನಿಗಷ್ಟೇ ಸೇರಿದ ಭಯ ಅಲ್ಲ. ನಮ್ಮ ಕಾನೂನು ಹೆಂಗಸಿನ ಪರ ಇದೆ. 1971ರಿಂದಲೇ ಇದೆ. 2021ರಲ್ಲಿ ಇರಾನ್ ಬಿಗಿ ಮಾಡಿದ ಅದೇ ವರ್ಷ ನಾವು ಸಡಿಲ ಮಾಡಿದೆವು. ಕೆಲವು ಸಂದರ್ಭಗಳಲ್ಲಿ 24 ವಾರದವರೆಗೆ ಅವಕಾಶ ಬಂತು. 2022ರಲ್ಲಿ ಸುಪ್ರೀಂ ಕೋರ್ಟು ಮದುವೆಯಾಗದವರಿಗೂ ಅದೇ ಹಕ್ಕು ಅಂದಿತು. ಹದಿನೆಂಟು ದಾಟಿದವಳಿಗೆ ಅವಳ ಸಹಿ ಒಂದೇ ಸಾಕು. ಆದರೂ ನಾನು ಮೊದಲು ಕೆಲಸ ಮಾಡಿದ ಆಸ್ಪತ್ರೆಯಲ್ಲಿ ‘ಗಂಡನ ಸಹಿ’ ಅಂತ ಒಂದು ಸಾಲು ಫಾರಮ್ಮಿನಲ್ಲಿ ಅಚ್ಚಾಗಿಯೇ ಇತ್ತು. ಆ ಸಾಲಿಗೋಸ್ಕರ ವಾಪಸ್ ಹೋದ ಒಬ್ಬಳು ಐದು ವಾರ ಬಿಟ್ಟು ಬಂದಳು, ರಕ್ತ ಸುರಿಸಿಕೊಂಡು. ಬದುಕಿದಳು. ಆ ಫಾರಂ ಆಮೇಲೆ ನಾವು ಕೆಲವರು ಸೇರಿ ಬದಲಾಯಿಸಿದೆವು. ಆ ಐದು ವಾರ ಅವಳಿಗೆ ಹಿಂದಕ್ಕೆ ಬರಲಿಲ್ಲ. ನಿಮಗೆ ತಿಳಿದ ಯಾರಿಗಾದರೂ ಇಂಥ ಪರಿಸ್ಥಿತಿ ಬಂದರೆ, ಗಂಡನ ಸಹಿ ಕೇಳುವ ಕಡೆ ಜಗಳ ಆಡುತ್ತಾ ದಿನ ಕಳೆಯದೆ ಇನ್ನೊಬ್ಬ ಡಾಕ್ಟರ ಹತ್ತಿರ ಹೋಗಲು ಹೇಳಿ.

ಪ್ರಶಸ್ತಿಗೆ ಕಟ್ಟಿದ ಕಷ್ಟ ಅಂದವರಿಗೆ ಚಿಕ್ಕ ಉತ್ತರ ಸಾಕು. ‘ದಿ ಸರ್ಕಲ್’ಗೆ ವೆನಿಸ್ ಚಿತ್ರೋತ್ಸವದಲ್ಲಿ ಚಿನ್ನದ ಸಿಂಹ ಪ್ರಶಸ್ತಿ ಬಂತು, ಊರಿನಲ್ಲಿ ನಿಷೇಧ ಆಯಿತು ನಿಜ. ಆದರೆ ‘ಎ ಸೆಪರೇಷನ್’ ಇರಾನಿನ ಥಿಯೇಟರುಗಳಲ್ಲೇ ಓಡಿದ ಸಿನಿಮಾ. ಅದನ್ನು ಆಸ್ಕರಿಗೆ ಕಳಿಸಿದ್ದೂ ಇರಾನೇ. ಅಲ್ಲಿನ ಜನ ಅದರಲ್ಲಿ ತಮ್ಮ ಮನೆ ಕಂಡರು. ಪರದೆಯ ಮೇಲೆ ಗಂಡ ಹೆಂಡತಿ ಒಬ್ಬರನ್ನೊಬ್ಬರು ಮುಟ್ಟುವಂತಿಲ್ಲ. ಮನೆಯೊಳಗೂ ಹೆಂಗಸಿನ ತಲೆ ಮೇಲೆ ಬಟ್ಟೆ ಇರಬೇಕು. ಹಾಗಾಗಿ ಬಸುರಿನ ಸುದ್ದಿಯನ್ನು ನಿರ್ದೇಶಕರು ಒಂದು ಫೋನ್ ನಂಬರಿನಲ್ಲಿ, ಅಡುಗೆ ಮನೆಯ ಅರ್ಧ ಮಾತಿನಲ್ಲಿ ಹೇಳಬೇಕಾಗುತ್ತದೆ. ನಾವು ಕಿವಿ ಕೊಟ್ಟು ಕೂರಬೇಕು.

‘ಸಬ್‌ಟ್ರಾಕ್ಷನ್’ ಅಂತ 2022ರದ್ದೊಂದಿದೆ, ಮಾನಿ ಹಕೀಕಿಯವರದ್ದು. ಟೆಹರಾನಿನಲ್ಲಿ ಬಿಡದೆ ಮಳೆ. ಒಂದು ಜೋಡಿಗೆ ತಮ್ಮ ಹಾಗೇ ಇರುವ ಇನ್ನೊಂದು ಜೋಡಿ ಸಿಗುತ್ತದೆ. ಹೆಂಡತಿ ಬಸುರಿ, ಅದಕ್ಕಾಗಿ ಮನಸ್ಸಿನ ಕಾಯಿಲೆಯ ಮಾತ್ರೆ ನಿಲ್ಲಿಸಿದ್ದಾಳೆ. ಹಾಗಾಗಿ ತಾನು ಕಂಡದ್ದನ್ನು ಅವಳೇ ನಂಬಲಾರಳು. ಅದನ್ನು ನೋಡಿದವರಿಗೆ ಡಾಕ್ಟರಾಗಿ ಒಂದು ಮಾತು: ಬಸುರಿ ಅಂತ ಗೊತ್ತಾದ ಕೂಡಲೇ ಅಂಥ ಮಾತ್ರೆಗಳನ್ನು ನೀವಾಗಿ ನಿಲ್ಲಿಸಬೇಡಿ. ಕೆಲವನ್ನು ಬದಲಿಸಬೇಕಾಗುತ್ತದೆ, ಕೆಲವನ್ನು ಮುಂದುವರಿಸಬಹುದು. ಥಟ್ಟನೆ ನಿಲ್ಲಿಸಿದರೆ ಕಾಯಿಲೆ ಜೋರಾಗಿ ಮರುಕಳಿಸಬಹುದು.

ಅಲಿ ಅಸ್ಗರಿಯವರದ್ದು ಈ ಥರದವು ಎರಡಿವೆ, ಯಾವುದನ್ನು ಇಟ್ಟಿದ್ದೀರೋ. ‘ಅಂಟಿಲ್ ಟುಮಾರೋ’ ಆದರೆ, ಮದುವೆಯಾಗದ ಹುಡುಗಿಗೆ ಎರಡು ತಿಂಗಳ ಮಗು. ಊರಿಂದ ಅಪ್ಪ ಅಮ್ಮ ಬರುತ್ತಿದ್ದಾರೆ. ಒಂದು ರಾತ್ರಿ ಮಗುವನ್ನು ಎಲ್ಲಾದರೂ ಬಚ್ಚಿಡಬೇಕು. ‘ಡಿಸಪಿಯರೆನ್ಸ್’ ಬಸುರಿನ ಕಥೆಯಲ್ಲ. ಆದರೂ ನನ್ನ ಓಟು ಅದಕ್ಕೇ. ಮದುವೆಯಾಗದ ಹುಡುಗ ಹುಡುಗಿ, ಮೊದಲ ಸಲ ಕೂಡಿದ್ದಾರೆ, ಅವಳಿಗೆ ರಕ್ತ ನಿಲ್ಲುತ್ತಿಲ್ಲ. ಒಂದು ಆಸ್ಪತ್ರೆಯಿಂದ ಇನ್ನೊಂದಕ್ಕೆ ಹೋಗುತ್ತಾರೆ. ಅದು ನನ್ನ ಕೈಯಲ್ಲಿ ನಾಲ್ಕು ಹೊಲಿಗೆಯ ಕೆಲಸ, ಅರ್ಧ ಗಂಟೆ ಸಾಕು. ಸಿನಿಮಾದಲ್ಲಿ ಇಡೀ ರಾತ್ರಿ ಹಿಡಿಯುತ್ತದೆ.

ಅದನ್ನು ನೋಡುವುದಾದರೆ ಒಂದು ಕೆಲಸ ಮಾಡಿ. ಎಲ್ಲರೂ ಕೈಯಲ್ಲಿ ಒಂದು ಚೀಟಿ ಇಟ್ಟುಕೊಳ್ಳಿ. ಪ್ರತಿ ಆಸ್ಪತ್ರೆಯಲ್ಲಿ ಅವಳಿಗೆ ಮೊದಲು ಕೇಳುವ ಪ್ರಶ್ನೆ ಏನು ಅಂತ ಬರೆದುಕೊಳ್ಳಿ. ‘ಎಲ್ಲಿ ನೋವು’ ಅಂತ ಎಷ್ಟು ಸಲ ಕೇಳುತ್ತಾರೆ, ‘ಯಾರು ಬಂದಿದ್ದಾರೆ ಜೊತೆಗೆ’ ಅಂತ ಎಷ್ಟು ಸಲ ಕೇಳುತ್ತಾರೆ ಎಣಿಸಿ. ಆಮೇಲೆ ಆ ಚೀಟಿಗಳನ್ನು ನನಗೂ ಕಳಿಸಿ. ನಮ್ಮ ಆಸ್ಪತ್ರೆಗೆ ಹೊಸದಾಗಿ ಬಂದ ನರ್ಸುಗಳಿಗೆ ನಾನು ತಿಂಗಳಿಗೊಮ್ಮೆ ಪಾಠ ಮಾಡುತ್ತೇನೆ. ಅವರಿಗೆ ತೋರಿಸಬೇಕು.